ರಕ್ತ ಬರುವ ಒಸಡು, ಜುಮ್ಮೆನ್ನುವ ಹಲ್ಲು

ಹಲ್ಲುಜ್ಜುವಾಗ ರಕ್ತ ಬಂತು ಎಂದು ಎಷ್ಟೋ ಜನ ಆ ಜಾಗವನ್ನೇ ಬಿಟ್ಟು ಉಜ್ಜುತ್ತಾರೆ. ತೊಂದರೆ ಜಾಸ್ತಿಯಾಗುವುದು ಅಲ್ಲಿಂದಲೇ. ದಂತವೈದ್ಯ ವಿದ್ಯಾರ್ಥಿಗಳಾದ ನಮ್ಮ ಈ ಪಾಠದಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನು ನೆನಪಿಡಿ: ರಕ್ತ ಬರುವ ಜಾಗಕ್ಕೇ ಬ್ರಷ್ ಹೋಗಬೇಕು, ಆದರೆ ಮೆತ್ತಗೆ.

ಮೂಲ ಕಾರಣ ಪ್ಲಾಕ್. ಹಲ್ಲು, ಒಸಡು ಸೇರುವ ಅಂಚಿನಲ್ಲಿ ಕೂರುವ ಬ್ಯಾಕ್ಟೀರಿಯಾಗಳ ಅಂಟು ಪದರ ಅದು. 1965ರಲ್ಲಿ ಡೆನ್ಮಾರ್ಕ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಇದನ್ನು ನೇರವಾಗಿ ತೋರಿಸಿದರು. ಒಸಡು ಚೆನ್ನಾಗಿದ್ದ 12 ಜನ ಹಲ್ಲುಜ್ಜುವುದನ್ನೇ ನಿಲ್ಲಿಸಿದರು. ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳು, ಅಂದರೆ ನಮ್ಮಂಥವರೇ. 10ರಿಂದ 21 ದಿನಗಳೊಳಗೆ ಎಲ್ಲರಿಗೂ ಒಸಡಿನ ಉರಿಯೂತ, ಅಂದರೆ ಜಿಂಜಿವೈಟಿಸ್ ಬಂತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸರಿಹೋಯಿತು. ನನಗೆ ಈ ಎರಡನೇ ಭಾಗವೇ ಮುಖ್ಯ ಅನ್ನಿಸುತ್ತದೆ. ಜಿಂಜಿವೈಟಿಸ್ ಹಂತದಲ್ಲಿ ಹಿಡಿದರೆ ಒಸಡು ಮೊದಲಿನಂತಾಗುತ್ತದೆ. ಅದು ಮುಂದಿನ ಹಂತವಾದ ಪೆರಿಯೊಡಾಂಟೈಟಿಸ್‌ಗೆ ತಿರುಗಿದರೆ ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತದೆ. ಕರಗಿದ್ದು ತಾನಾಗಿ ಬೆಳೆಯುವುದಿಲ್ಲ. ಹಲ್ಲು, ಒಸಡಿನ ನಡುವಿನ ಸಂದಿಯನ್ನು ಪ್ರೋಬ್ ಎಂಬ ತೆಳು ಅಳತೆ ಕಡ್ಡಿ ಇಟ್ಟು ಅಳೆದಾಗ 1ರಿಂದ 3 ಮಿ.ಮೀ. ಆಳ ಇದ್ದರೆ ಸಾಮಾನ್ಯ. 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಚ್ಚರ.

ಪ್ಲಾಕ್ ಗಟ್ಟಿಯಾಗಿ ಕಲ್ಲು ಕಟ್ಟಿದರೆ ಬ್ರಷ್‌ನಿಂದ ಹೋಗುವುದಿಲ್ಲ, ಸ್ಕೇಲಿಂಗ್, ಅಂದರೆ ಉಪಕರಣದಿಂದ ಕಲ್ಲು ತೆಗೆಯುವ ಕ್ಲೀನಿಂಗ್ ಮಾಡಿಸಬೇಕು. 'ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ' ಎನ್ನುವುದನ್ನು ನೀವೂ ಕೇಳಿರುತ್ತೀರಿ ಅಲ್ವಾ? ಸಡಿಲ ಮಾಡಿದ್ದು ರೋಗ. ಕಲ್ಲು ತೆಗೆದ ಮೇಲೆ ಅದು ಗೊತ್ತಾಗುತ್ತದೆ, ಅಷ್ಟೆ. ಬೀಡಿ, ಸಿಗರೇಟು ಸೇದುವವರಿಗೆ ರೋಗ ಇದ್ದರೂ ರಕ್ತ ಕಮ್ಮಿ ಬರುತ್ತದೆ. ಹಾಗಾಗಿ ಅವರನ್ನು 'ರಕ್ತ ಬರುತ್ತಾ?' ಎಂದಷ್ಟೇ ಕೇಳಿ ಬಿಡಬಾರದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೂ ಒಸಡಿನ ರೋಗ ಬೇಗ ಬಲಿಯುತ್ತದೆ.

ಇನ್ನು ಜುಮ್ಮೆನ್ನುವುದು. ಒಸಡು ಹಿಂದೆ ಸರಿದರೆ ಬೇರು ಹೊರಗೆ ಬೀಳುತ್ತದೆ. ಬೇರಿಗೆ ಎನಾಮಲ್ ಎಂಬ ಗಟ್ಟಿ ಹೊದಿಕೆ ಇಲ್ಲ. ಹಲ್ಲಿನ ಒಳಪದರವಾದ ಡೆಂಟಿನ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ, ಅವುಗಳೊಳಗೆ ದ್ರವ. ತಣ್ಣೀರು ತಾಗಿದಾಗ ಆ ದ್ರವ ಸರಿದಾಡಿ ನರ ಕೆರಳುತ್ತದೆ. ಸಂಶೋಧಕ ಬ್ರಾನ್‌ಸ್ಟ್ರಾಮ್ ಹೆಸರಿನ ಜೊತೆ ಬರುವ ಹೈಡ್ರೋಡೈನಾಮಿಕ್ ಸಿದ್ಧಾಂತ ಇದೇ.

ಗಟ್ಟಿ ಬ್ರಷ್, ಇದ್ದಿಲು ಪುಡಿ, ಜೋರಾಗಿ ಅಡ್ಡಡ್ಡ ಉಜ್ಜುವುದು, ಮೂರೂ ಬೇರನ್ನು ಸವೆಸುತ್ತವೆ. ಹುಳಿಯೂ ಹಾಗೆಯೇ. ಬೆಂಗಳೂರಿನ ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ಲಿಂಬು ಸೋಡಾ ಕುಡಿದು ಮನೆಗೆ ಬಂದ ತಕ್ಷಣ ಉಜ್ಜಬೇಡಿ. ನೀರು ಮುಕ್ಕಳಿಸಿ, ಅರ್ಧ ಗಂಟೆ ಬಿಡಿ. ಆಮೇಲೆ ಮೆತ್ತನೆ ಬ್ರಷ್ಷನ್ನು ಒಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ ಹಿಡಿದು, ಸಣ್ಣದಾಗಿ ಅಲುಗಿಸುತ್ತಾ ಎರಡು ನಿಮಿಷ ಉಜ್ಜಿ. ಹಲ್ಲಿನ ಸಂದಿಗೆ ಬ್ರಷ್ ಹೋಗದು, ಫ್ಲಾಸ್ ಎಂಬ ತೆಳು ದಾರ ಬೇಕು.

ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ನರವನ್ನು ಶಾಂತ ಮಾಡುತ್ತದೆ. ಒಂದೆರಡು ದಿನಕ್ಕೆ ಗುಣ ಕಾಣಲಿಲ್ಲ ಎಂದು ಸುಮ್ನೆ ಬಿಡಬಾರದು, ಕೆಲವು ವಾರ ಬೇಕು. ಆದರೆ ತಣ್ಣನೆಯದು ಹೋದ ಮೇಲೂ ನೋವು ಉಳಿದರೆ, ರಾತ್ರಿ ತಾನಾಗಿ ನೋವು ಎದ್ದರೆ, ಅದು ಹಲ್ಲಿನ ಒಳಗಿನ ತಿರುಳಿನ ತೊಂದರೆ ಇರಬಹುದು. ಅದಕ್ಕೆ ಪೇಸ್ಟ್ ಸಾಲದು. ಕೋಟೆ ಬಳಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೋ ಹತ್ತಿರದ ದಂತವೈದ್ಯರ ಬಳಿಗೋ ಅಂಥವರನ್ನು ಬೇಗ ಕಳಿಸಿ.