2 ಎಕರೆ ಹಸನು ಮಾಡಲು ಅಲ್ಲೊಂದು ರೇಟು, ಇಲ್ಲೊಂದು ರೇಟು ಯಾಕೆ?

ಪ್ರಶ್ನೆ: ಜೇವರ್ಗಿ ಹತ್ತಿರ ನಮ್ಮದು 2 ಎಕರೆ ಬೀಳು ಹೊಲ, ತುಂಬಾ ಜಾಲಿ ಕಂಟಿ ಬೆಳೆದಿದೆ. ಸುರಪುರ ಕಡೆ ನಮ್ಮ ಮಾವನವರದೂ ಅಷ್ಟೇ ಹೊಲ, ಅದೇ ಜಾಲಿ. ಆದರೆ ಜೆಸಿಬಿಯವರು ಅವರಿಗೆ ಹೇಳಿದ ಖರ್ಚು ನಮ್ಮದಕ್ಕಿಂತ ತುಂಬಾ ಜಾಸ್ತಿ. ಮೋಸನಾ?

ಮೋಸ ಅಂತ ಈಗಲೇ ಹೇಳಬೇಡಿ. ಜೆಸಿಬಿ ಬಾಡಿಗೆ ಗಂಟೆ ಲೆಕ್ಕ, ಎಕರೆ ಲೆಕ್ಕ ಅಲ್ಲ. ಎಷ್ಟು ಗಂಟೆ ಹಿಡಿಯುತ್ತದೆ ಅನ್ನುವುದನ್ನು ಮೇಲಿನ ಕಂಟಿಗಿಂತ ಕೆಳಗಿನ ನೆಲವೇ ತೀರ್ಮಾನ ಮಾಡುತ್ತದೆ.

ನಿಮ್ಮದು ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಮಣ್ಣು ಆಳವಿದ್ದು ಕಲ್ಲು ಕಡಿಮೆ ಇದ್ದರೆ ಬೊಡ್ಡೆ ಬೇರು ಸಮೇತ ಎದ್ದು ಬರುತ್ತದೆ. ಆದರೆ ಒಂದು ದೊಡ್ಡ ಮಳೆ ಬಿದ್ದರೆ ಸಾಕು, ಗಾಡಿ ಹೂತು ನಿಲ್ಲುತ್ತದೆ, ಅದನ್ನು ಎಳೆಯೋಕೆ ಇನ್ನೊಂದು ಗಾಡಿ ಬೇಕು. ಅದಕ್ಕೇ ರೋಹಿಣಿ ಮಳೆ ಬೀಳುವುದರೊಳಗೆ ಕೆಲಸ ಮುಗಿಸಿ.

ಸುರಪುರದ ಕಡೆ ಗ್ರಾನೈಟ್ ನೆಲ. ಮೇಲೆ ತೆಳ್ಳಗೆ ಮಸಾರಿ (ಕೆಂಪು) ಮಣ್ಣು, ಕೆಳಗೆ ಗುಂಡುಕಲ್ಲು, ಜಾಲಿ ಬೇರು ಬಂಡೆ ಸಂದಿಯಲ್ಲಿ ಇಳಿದು ಕೂತಿರುತ್ತದೆ. ಬಕೆಟ್ ಹಲ್ಲು ಸವೆಯುತ್ತದೆ, ಡೀಸೆಲ್ ಜಾಸ್ತಿ ಸುಡುತ್ತದೆ, ಬಂಡೆ ಏಳದಿದ್ದರೆ ಅದನ್ನು ಒಡೆಯುವ ಬ್ರೇಕರ್ ತರಿಸಬೇಕು, ಅದರ ಬಾಡಿಗೆ ಬೇರೆ. ಎದ್ದ ಕಲ್ಲನ್ನು ಟ್ರ್ಯಾಕ್ಟರಲ್ಲಿ ದೂರ ಸಾಗಿಸುವ ಬದಲು ಬದುವಿಗೆ ಒಟ್ಟಿಸಿದರೆ ಸ್ವಲ್ಪ ಉಳಿಯುತ್ತದೆ.

ಚಿತ್ತಾಪುರ, ಸೇಡಂ ಕಡೆ ಕೆಲವು ಹೊಲಗಳಲ್ಲಿ ಸ್ವಲ್ಪ ಅಗೆದರೆ ಶಹಾಬಾದ್ ಕಲ್ಲಿನ ಹಾಸೇ ಸಿಗುತ್ತದೆ. ಬೀದರ್, ಹುಮನಾಬಾದ್ ಕಡೆ ಜಂಬಿಟ್ಟಿಗೆ ಕಲ್ಲು. ಅದು ಅಗೆಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಅಲ್ಲಿ ಮೇಲಿನ ಕೆಂಪು ಮಣ್ಣನ್ನು ಕಂಟಿ ಜೊತೆ ಕೆರೆದು ಹಾಕಿದರೆ ಬಿತ್ತೋಕೆ ಏನೂ ಉಳಿಯಲ್ಲ. ಡ್ರೈವರ್‌ಗೆ ಮೊದಲೇ ಹೇಳಿ: ಕೆರೆಯಬೇಡ, ಕೀಳು.

ಇನ್ನು ಜಾಲಿ. ಕೊಡಲಿಯಿಂದ ಕಡಿಸಿದರೆ ಅಗ್ಗ ಅನ್ನಿಸುತ್ತದೆ, ಆದರೆ ಬೊಡ್ಡೆ ನೆಲದಲ್ಲಿ ಉಳಿದರೆ ಒಂದು ಮಳೆಗೆ ಗುಂಪು ಗುಂಪಾಗಿ ಚಿಗುರುತ್ತದೆ. ಸುಮಾರು 1 ಅಡಿ ಆಳದವರೆಗಾದರೂ ಬೊಡ್ಡೆ ಏಳಬೇಕು. ಆಡು, ದನ ಕಾಯಿ ತಿಂದು ಹಿಕ್ಕೆ, ಸಗಣಿಯಲ್ಲಿ ಬೀಜ ಹರಡುತ್ತವೆ, ಹಾಗಾಗಿ ಮುಂದಿನ ಮಳೆಗಾಲದಲ್ಲೂ ಸಸಿ ಕೀಳುವ ಕೂಲಿ ಲೆಕ್ಕದಲ್ಲಿಡಿ. ಕಿತ್ತ ಕಟ್ಟಿಗೆ ಸುಮ್ನೆ ಸುಡಬೇಡಿ, ಇದ್ದಿಲು ಮಾಡುವವರನ್ನು ಕೇಳಿ ನೋಡಿ. ಎರೆ ಹೊಲದಲ್ಲಿ ಕರಿಕೆ (ಗರಿಕೆ ಹುಲ್ಲು) ಕೂಡ ಇದ್ದರೆ ಜೆಸಿಬಿಯಿಂದ ಆಗುವ ಕೆಲಸವಲ್ಲ ಅದು. ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ, ಬೇರು ಬಿಸಿಲಿಗೆ ಒಣಗಬೇಕು, ಆರಿಸಿ ತೆಗೆಯಬೇಕು.

ಹೊಲದಲ್ಲಿ ಬೇವು, ಹುಣಸೆ ಇದ್ದರೆ ಬಿಡಿ. ಕಡಿಯಲೇಬೇಕೆಂದರೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಮಾವನವರಿಗೆ ಒಂದು ಮಾತು ಹೇಳಿ. ರೇಟು ಒಪ್ಪುವ ಮುಂಚೆ ಹೊಲದ ಮೂರ್ನಾಲ್ಕು ಕಡೆ ಸಲಿಕೆ, ಹಾರೆ ಹಿಡಿದು ತಗ್ಗು ತೆಗೆಸಲಿ. ಎಲ್ಲಿ ಬೇಗ ಬಂಡೆ ಸಿಗುತ್ತದೋ ಆ ಜಾಗವನ್ನು ಮೇವಿಗೆ ಬಿಟ್ಟು, ಮಣ್ಣಿರುವ ಕಡೆ ಮಾತ್ರ ಗಾಡಿ ಇಳಿಸಲಿ.