ಮತ್ತೆ ಮತ್ತೆ ಯೀಸ್ಟ್ ಇನ್ಫೆಕ್ಷನ್: ಮೊಸರು ತಿಂದರೆ ಹೋಗುತ್ತಾ?

ಪ್ರಶ್ನೆ: ನನಗೆ 29 ವರ್ಷ. ವರ್ಷಕ್ಕೆ ನಾಲ್ಕೈದು ಸಲ ಕೆಳಗೆ ವಿಪರೀತ ತುರಿಕೆ, ಗಟ್ಟಿ ಬಿಳಿ ಸೆರಗು. ಡಾಕ್ಟರು ಯೀಸ್ಟ್ ಇನ್ಫೆಕ್ಷನ್ ಅಂತಾರೆ, ಅತ್ತೆ ಉಷ್ಣ ಅಂತಾರೆ. ದಿನಾ ಮೊಸರು ತಿಂದರೆ ಅಥವಾ ಪ್ರೊಬಯಾಟಿಕ್ (ಒಳ್ಳೆಯ ಸೂಕ್ಷ್ಮಜೀವಿಗಳಿರುವ ಔಷಧ) ತಗೊಂಡರೆ ಗುಣವಾಗುತ್ತಾ?

ಉತ್ತರ: ಈ ಪ್ರಶ್ನೆ ತಿಂಗಳಿಗೆರಡು ಸಲ ಬರುತ್ತದೆ. ಊರು ಬೇರೆ, ವಯಸ್ಸು ಬೇರೆ, ಅತ್ತೆಯ ಜಾಗದಲ್ಲಿ ಒಮ್ಮೊಮ್ಮೆ ಅಮ್ಮ. ಮೊಸರಿನ ವಿಷಯಕ್ಕೆ ಬರುತ್ತೇನೆ. ಮೊದಲು ಈ ಉಷ್ಣವನ್ನು ವಿಚಾರಿಸಿಕೊಳ್ಳೋಣ.

ನಿಮ್ಮ ಡಾಕ್ಟರು ಹೇಳಿದ್ದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಬಗ್ಗೆ. ಅದು ಎಲ್ಲಿಂದಲೋ ಹಾರಿ ಬಂದದ್ದಲ್ಲ. ಎಷ್ಟೋ ಹೆಂಗಸರ ಯೋನಿಯಲ್ಲಿ ಅದು ಯಾವ ತೊಂದರೆಯೂ ಕೊಡದೆ ಇರುತ್ತದೆ. ಅದರ ಜೊತೆಗೇ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳಿರುತ್ತವೆ. ಅವು ಆಮ್ಲ ತಯಾರಿಸಿ ಜಾಗವನ್ನು ಹುಳಿಯಾಗಿ ಇಟ್ಟುಕೊಳ್ಳುತ್ತವೆ, ಬೇರೆಯವು ಮೆರೆಯದಂತೆ ನೋಡಿಕೊಳ್ಳುತ್ತವೆ. ಈ ಲೆಕ್ಕ ತಪ್ಪಿದಾಗ ಕ್ಯಾಂಡಿಡಾ ಮೇಲೇಳುತ್ತದೆ.

ಇದರಲ್ಲಿ ಉಷ್ಣ ಎಲ್ಲಿದೆ? ಥರ್ಮಾಮೀಟರ್ ಇಟ್ಟು ನೋಡಿ, ಜ್ವರ ಇರುವುದಿಲ್ಲ. ಆದರೂ ನಂಬಿಕೆ ಯಾಕೆ ಇಷ್ಟು ಗಟ್ಟಿ ಅಂದರೆ, ನಮ್ಮ ಅಜ್ಜಿಯರು ಗಮನಿಸಿದ್ದು ಸರಿಯಾಗಿಯೇ ಇತ್ತು. ಕಾರಣ ಹೇಳಿದ್ದು ಮಾತ್ರ ತಪ್ಪು. 'ಇಂಗ್ಲಿಷ್ ಮಾತ್ರೆ ಉಷ್ಣ, ನುಂಗಿದರೆ ಬಿಳಿ ಸೆರಗು ಶುರುವಾಗುತ್ತೆ' ಅಂತಾರಲ್ವಾ? ಆಂಟಿಬಯಾಟಿಕ್ ತಗೊಂಡ ಮೇಲೆ ಶುರುವಾಗುವುದು ನಿಜ. ಆ ಮಾತ್ರೆ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಕಾವಲುಗಾರ ಹೋದ, ಕಳ್ಳ ಉಳಿದ. ಬೇಸಿಗೆಯಲ್ಲಿ ಜಾಸ್ತಿ ಅನ್ನುವುದಕ್ಕೂ ಕಾರಣ ಬೇರೆ: ಬೆವರು, ಗಾಳಿಯಾಡದ ಬಿಗಿ ಬಟ್ಟೆ, ಸದಾ ಒದ್ದೆ.

'ಎಳನೀರು ಕುಡಿದೆ, ಕಾಮಕಸ್ತೂರಿ ಬೀಜ ತಿಂದೆ, ಕಡಿಮೆಯಾಯಿತು' ಅನ್ನುವವರಿಗೂ ಉತ್ತರ ಇದೆ. ಈ ತುರಿಕೆ ಎಷ್ಟೋ ಜನಕ್ಕೆ ಮುಟ್ಟಿಗೆ ಮುಂಚಿನ ವಾರ ಏರುತ್ತದೆ, ಮುಟ್ಟು ಶುರುವಾದ ಮೇಲೆ ತಾನೇ ಇಳಿಯುತ್ತದೆ. ಹೆಸರು ಎಳನೀರಿಗೆ. ಕುಡಿಯಿರಿ, ನನಗೇನೂ ತಕರಾರಿಲ್ಲ. ತಕರಾರು ಇರುವುದು, ಉಷ್ಣ ಅಂತ ಹುಡುಗಿಯರಿಗೆ ಮೊಟ್ಟೆ, ಮಾವಿನಹಣ್ಣು, ಪಪ್ಪಾಯಿ ಎಲ್ಲ ನಿಲ್ಲಿಸುತ್ತಾರಲ್ಲ, ಅದರ ಬಗ್ಗೆ. ಇನ್ನು ಕೆಲವರು 'ಮೂಳೆ ಕರಗಿ ಹೋಗುತ್ತಿದೆ' ಅಂತ ಹೆದರಿಸುತ್ತಾರೆ. ಮೂಳೆಗೂ ಇದಕ್ಕೂ ಸಂಬಂಧವೇ ಇಲ್ಲ. ಎಷ್ಟು ಸಲ ಬರೆಯಲಿ!

ಎಲ್ಲ ಬಿಳಿ ಸೆರಗೂ ರೋಗವಲ್ಲ ಅನ್ನುವುದೂ ಇಲ್ಲೇ ಹೇಳಿಬಿಡುತ್ತೇನೆ. ತಿಂಗಳ ಮಧ್ಯದಲ್ಲಿ ಮೊಟ್ಟೆಯ ಬಿಳಿಯಂತೆ ಎಳೆ ಎಳೆಯಾಗಿ ಹೋಗುವುದು ಸಹಜ. ಒಡೆದ ಹಾಲಿನಂತಿದ್ದು ವಾಸನೆ ಇಲ್ಲದೆ ತುರಿಸಿದರೆ ಯೀಸ್ಟ್ ಇರಬಹುದು. ಮೀನಿನ ವಾಸನೆಯಿದ್ದರೆ ಅಥವಾ ಹಳದಿ, ಹಸಿರು ಬಣ್ಣವಿದ್ದರೆ ಅದು ಬೇರೆ ಕಾಯಿಲೆ, ಔಷಧವೂ ಬೇರೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ ತರಬೇಡಿ.

ಈಗ ಮೊಸರು. ತಿನ್ನಿ, ಹೊಟ್ಟೆಗೆ ಒಳ್ಳೆಯದು. ಆದರೆ ಮೊಸರಿನ ಬ್ಯಾಕ್ಟೀರಿಯಾ ಬೇರೆ, ಯೋನಿಯಲ್ಲಿರುವುದು ಬೇರೆ. ಮನೆತನದ ಹೆಸರು ಒಂದೇ, ಮನೆ ಬೇರೆ. ಹೆಪ್ಪು ಹಾಕಿದ ಮೊಸರನ್ನು ಒಳಗೆ ಹಚ್ಚುವುದು ಬೇಡವೇ ಬೇಡ. ಅದರಲ್ಲಿ ಏನೇನು ಬೆಳೆದಿದೆಯೋ ಯಾರಿಗೆ ಗೊತ್ತು?

ಪ್ರೊಬಯಾಟಿಕ್ ಬಗ್ಗೆ ಒಂದಷ್ಟು ಪರೀಕ್ಷೆಗಳಾಗಿವೆ. ಆಂಟಿಬಯಾಟಿಕ್ ಜೊತೆ ಲ್ಯಾಕ್ಟೋಬ್ಯಾಸಿಲಸ್ ಕೊಟ್ಟರೆ ಯೀಸ್ಟ್ ತಡೆಯಬಹುದೇ ಅಂತ ಆಸ್ಟ್ರೇಲಿಯಾದಲ್ಲಿ ನೋಡಿದರು. 2004ರಲ್ಲಿ ಫಲಿತಾಂಶ ಬಂತು: ಬಾಯಿಂದ ಕೊಟ್ಟರೂ, ಒಳಗೆ ಇಟ್ಟರೂ ತಡೆಯಲಿಲ್ಲ. ತಡೆಯಲು ಅಲ್ಲ, ಗುಣಪಡಿಸಲು ಕೊಟ್ಟು ನೋಡಿದ ಪರೀಕ್ಷೆಗಳನ್ನು ಕಲೆಹಾಕಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಸಂಸ್ಥೆಯ 2017ರ ವಿಮರ್ಶೆ ಸ್ವಲ್ಪ ಆಸೆ ತೋರಿಸುತ್ತದೆ. ಮಾಮೂಲಿ ಔಷಧದ ಜೊತೆಗೆ ಕೊಟ್ಟಾಗ ಬೇಗ ಗುಣವಾದವರು ತುಸು ಹೆಚ್ಚು, ತಿಂಗಳೊಳಗೆ ಮರುಕಳಿಸಿದ್ದು ಕಡಿಮೆ. ಆದರೆ ಪುರಾವೆ ದುರ್ಬಲ, ದೀರ್ಘಕಾಲದ ಲಾಭ ಕಾಣಲಿಲ್ಲ. ಅಂದರೆ ಔಷಧದ ಜೊತೆ ಬೇಕಾದರೆ ತಗೊಳ್ಳಿ, ಔಷಧದ ಬದಲಿಗೆ ಅಲ್ಲ. ಅದರಲ್ಲೂ ಹೆಸರು ಓದಿ ಕೊಳ್ಳಿ. ಭೇದಿಗೆ ಕೊಡುವ ಪುಟ್ಟ ಪ್ಲಾಸ್ಟಿಕ್ ಬಾಟಲಿಯಲ್ಲಿರುವುದು ಸಾಮಾನ್ಯವಾಗಿ ಬ್ಯಾಸಿಲಸ್ ಕ್ಲಾಸಿ, ಲ್ಯಾಕ್ಟೋಬ್ಯಾಸಿಲಸ್ ಅಲ್ಲ. ಸ್ಯಾಕರೋಮೈಸಿಸ್ ಬೌಲಾರ್ಡಿ ಅಂತ ಬರೆದಿದ್ದರೆ ಅದೇ ಒಂದು ಯೀಸ್ಟ್!

ನಿಮ್ಮಂತೆ ವರ್ಷಕ್ಕೆ ನಾಲ್ಕೈದು ಸಲ ಬಂದರೆ ಸ್ವಾಬ್ ತೆಗೆಸಿ ಕಲ್ಚರ್ ಮಾಡಿಸಿ, ಅಂದರೆ ಹತ್ತಿಕಡ್ಡಿಯಲ್ಲಿ ತೆಗೆದ ಸೆರಗನ್ನು ಲ್ಯಾಬಿನಲ್ಲಿ ಬೆಳೆಸಿ ಏನಿದೆ ಅಂತ ನೋಡುವುದು. ಶುಗರ್ ಟೆಸ್ಟ್ ಮಾಡಿಸಿ. ಇಂಥವರಿಗೆ ಫ್ಲುಕೊನಜೋಲ್ ಮಾತ್ರೆಯನ್ನು ವಾರಕ್ಕೊಂದರಂತೆ ಆರು ತಿಂಗಳು ಕೊಡುವ ಪದ್ಧತಿಯಿದೆ, ಆದರೆ ಡಾಕ್ಟರು ನೋಡಿಯೇ ಕೊಡಬೇಕು. ಬಸುರಿಯಾಗಿದ್ದರೆ ಈ ಮಾತ್ರೆ ಬೇಡ, ಅವರಿಗೆ ಒಳಗೆ ಇಡುವ ಕ್ಲೋಟ್ರಿಮಜೋಲ್ ಇದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಹತ್ತಿರ ಉಳಿದ ಕ್ರೀಮನ್ನು ತುರಿಕೆ ಅಂದ ಅಮ್ಮನಿಗೋ ಅತ್ತೆಗೋ ಕೊಡಬೇಡಿ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಯೀಸ್ಟಿಗೆ ಅಲ್ಲಿ ಊಟ ಕಡಿಮೆ. ಆ ವಯಸ್ಸಿನ ತುರಿಕೆಗೆ ಹೆಚ್ಚಾಗಿ ಒಣಗುವಿಕೆಯೋ ಚರ್ಮದ ಕಾಯಿಲೆಯೋ ಕಾರಣ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಲೆಕ್ಕ ಬೇರೆ. ಅವರ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತಿದ್ದರೆ, ಅವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆಗಳು. ಯೀಸ್ಟಿಗೆ ಹಬ್ಬ. ತಾವಾಗಿ ನಿಲ್ಲಿಸುವುದು ಬೇಡ, ಆ ಮಾತ್ರೆ ಬರೆದ ಡಾಕ್ಟರಿಗೆ ತುರಿಕೆಯ ವಿಷಯ ಹೇಳಲಿ. ಶುಗರ್ ಡಾಕ್ಟರಿಗೆ ಇದನ್ನೆಲ್ಲ ಹೇಗೆ ಹೇಳೋದು ಅಂತ ಅವರು ಸುಮ್ನೆ ಇದ್ದುಬಿಡುತ್ತಾರೆ. ಈ ಸಲ ಜೊತೆಗೆ ನೀವೂ ಹೋಗಿ.