ತುರಿಕೆ ನಿಂತರೂ ಒಂಟೆಗೆ ಎರಡನೇ ಸೂಜಿ ಬೇಕು

ಚಳಿಗಾಲ ಬಂತು ಅಂದರೆ ಬಿಕಾನೇರ್, ಜೈಸಲ್ಮೇರ್ ಕಡೆ ಒಂಟೆ ಕಜ್ಜಿ ಜಾಸ್ತಿ. ಆಗ ಒಂಟೆಗೆ ಮೈತುಂಬ ಉದ್ದ ಕೂದಲು. ಹಿಂಡು ಬೇರೆ ಒಂದಕ್ಕೊಂದು ಒತ್ತಿಕೊಂಡು ಮಲಗುತ್ತದೆ. ಸಾರ್ಕಾಪ್ಟಿಸ್ ಅನ್ನುವ ನುಸಿಗೆ ಇನ್ನೇನು ಬೇಕು? ಅರ್ಧ ಮಿಲಿಮೀಟರ್ ದಾಟದ ಈ ಜೀವಿ ಚರ್ಮದೊಳಗೆ ಕೊರೆದುಕೊಂಡು ಹೋಗಿ ಅಲ್ಲೇ ಮೊಟ್ಟೆ ಇಡುತ್ತದೆ.

ತಲೆ, ಕತ್ತು, ತೊಡೆಸಂದು, ಕೆಚ್ಚಲು, ಇಲ್ಲೆಲ್ಲ ಮೊದಲು ಕಾಣಿಸುತ್ತದೆ. ಒಂಟೆ ಮೇವು ಬಿಟ್ಟು ಖೇಜ್ರಿ ಮರಕ್ಕೆ ಮೈ ಉಜ್ಜುತ್ತಾ ನಿಲ್ಲುತ್ತದೆ. ಕೂದಲು ಉದುರಿ, ರಸಿಕೆ ಒಣಗಿ ಹಕ್ಕಳೆ ಕಟ್ಟುತ್ತದೆ. ಹಾಗೇ ಬಿಟ್ಟರೆ ಚರ್ಮ ದಪ್ಪಗಾಗಿ ಮಡಿಕೆ ಬೀಳುತ್ತದೆ, ಹಾಲು ಇಳಿಯುತ್ತದೆ.

ಹಾಗಂತ ಕೂದಲು ಉದುರಿದ್ದೆಲ್ಲ ಕಜ್ಜಿಯಲ್ಲ. ಎಳೆಯ ಒಂಟೆಗಳಲ್ಲಿ ದುಂಡಗೆ, ಬೂದಿ ಬಣ್ಣದ ಮಚ್ಚೆ ಬಂದು ತುರಿಕೆ ಕಡಿಮೆ ಇದ್ದರೆ ಅದು ಹುಳುಕಡ್ಡಿ ಇರಬಹುದು. ಅದು ಶಿಲೀಂಧ್ರದ ಕಾಯಿಲೆ, ನುಸಿಯ ಔಷಧಿ ಅದಕ್ಕೆ ನಾಟುವುದಿಲ್ಲ. ಅದಕ್ಕೇ ಕೆರೆದು ನೋಡಬೇಕು. ಗಾಯದ ನಡುವೆ ಅಲ್ಲ, ಅಂಚಿನಲ್ಲಿ. ಬ್ಲೇಡಿನಿಂದ, ಸಣ್ಣಗೆ ರಕ್ತ ಜಿನುಗುವ ತನಕ. ಮೇಲಿನ ಹೊಟ್ಟನ್ನಷ್ಟೇ ತೆಗೆದರೆ ಮೈಕ್ರೋಸ್ಕೋಪಿನಲ್ಲಿ ನುಸಿ ಸಿಗುವುದೇ ಕಷ್ಟ.

ಕಜ್ಜಿ ಅಂತ ಖಚಿತವಾದರೆ ಐವರ್ಮೆಕ್ಟಿನ್ ಅನ್ನುವ ನುಸಿಯ ಔಷಧಿ. ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ ಲೆಕ್ಕ. 500 ಕಿಲೋ ಒಂಟೆಗೆ ಶೇ 1ರ ದ್ರಾವಣ 10 ಮಿ.ಲೀ., ಚರ್ಮದಡಿಗೆ. ತೂಕದ ಅಂದಾಜು ತಪ್ಪಿದರೆ ಔಷಧಿ ಸಾಲುವುದಿಲ್ಲ, ಆದ್ದರಿಂದ ಪಶುವೈದ್ಯರೇ ಕೊಡಲಿ.

ಎಡವಟ್ಟಾಗುವುದು ಇದರ ನಂತರ. "ತುರಿಕೆ ನಿಂತಿತಲ್ಲ ಡಾಕ್ಟರ್ ಸಾಬ್, ಇನ್ಯಾಕೆ ಸೂಜಿ?" ಅನ್ನುತ್ತಾರೆ ರೈಕಾಗಳು. ಅವರದು ತಲೆತಲಾಂತರದಿಂದ ಒಂಟೆ ಸಾಕಿದ ಸಮುದಾಯ, ಅವರ ಕಣ್ಣಿನ ಮೇಲೆ ನನಗೆ ಬಹಳ ನಂಬಿಕೆ. ಆದರೆ ಈ ಮಾತು ಒಪ್ಪಲಾರೆ. ಐವರ್ಮೆಕ್ಟಿನ್ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಮೊಟ್ಟೆ ಒಡೆದು ಬಂದ ಮರಿಗಳು ಬೆಳೆದು ಮತ್ತೆ ಮೊಟ್ಟೆ ಇಡುವ ಮೊದಲೇ, ಅಂದರೆ 14 ದಿನಕ್ಕೆ, ಎರಡನೇ ಸೂಜಿ ಬೀಳಬೇಕು. ಅದೂ ಇಡೀ ಹಿಂಡಿಗೆ. ಜೀನು, ಅದರಡಿಯ ಕಂಬಳಿ ಬಿಟ್ಟರೆ ನುಸಿ ಅಲ್ಲಿಂದಲೇ ವಾಪಸ್ ಬರುತ್ತದೆ. ಅವನ್ನೂ ತೊಳೆದು, ಬಿಸಿಲಿಗೆ ಹಾಕಿ, ನುಸಿನಾಶಕ ಸಿಂಪಡಿಸಬೇಕು.

ಸಾಸಿವೆ ಜಾತಿಯ ತಾರಾಮೀರಾ ಕಾಳಿನ ಎಣ್ಣೆಗೆ ಗಂಧಕ ಬೆರೆಸಿ ಹಚ್ಚುವುದು ಅಲ್ಲಿಯ ಹಳೇ ಪದ್ಧತಿ. ಹಚ್ಚಲಿ, ಹಕ್ಕಳೆ ಮೆತ್ತಗಾಗುತ್ತದೆ. ಗಾಡಿಯ ಸುಟ್ಟ ಆಯಿಲ್ ಮಾತ್ರ ಖಂಡಿತ ಬೇಡ, ಅದು ಚರ್ಮಕ್ಕೆ ವಿಷ. ಇನ್ನು ಐವರ್ಮೆಕ್ಟಿನ್ ಹಾಲಿಗೂ ಇಳಿಯುತ್ತದೆ. ವೈದ್ಯರು ಹೇಳುವ ತನಕ ಆ ಹಾಲನ್ನು ಮಾರಬೇಡಿ, ಕುಡಿಯಲೂಬೇಡಿ.

ಈ ನುಸಿ ಮನುಷ್ಯರಿಗೂ ಹತ್ತುತ್ತದೆ. ಸವಾರಿ ಮಾಡುವವರಿಗೆ ತೊಡೆಯ ಒಳಗೆ, ಹಾಲು ಕರೆಯುವವರಿಗೆ ಕೈಗೆ ಕಡಿತ ಶುರುವಾದರೆ ಆಸ್ಪತ್ರೆಗೆ ಹೋಗಿ, ಒಂಟೆಗೆ ಕಜ್ಜಿ ಇದೆ ಅಂತ ಡಾಕ್ಟರಿಗೆ ಮೊದಲೇ ಹೇಳಿಬಿಡಿ.